ಮಿಲಿಮೀಟರಿನ ಮೂರನೇ ಒಂದು ಪಾಲು

ಒಂದು ಲೆಕ್ಕದಿಂದ ಶುರು ಮಾಡೋಣ. ಕಾಲು ಮೀಟರ್ ಒಳವ್ಯಾಸದ ಉಕ್ಕಿನ ಕೊಳವೆಯೊಂದರಲ್ಲಿ 100 ಬಾರ್ ಒತ್ತಡದ ಹಬೆ ಹರಿಯುತ್ತಿದೆ. ಅದರ ಉಷ್ಣಾಂಶ 400 ಡಿಗ್ರಿ ಸೆಲ್ಸಿಯಸ್. 100 ಬಾರ್ ಎಂದರೆ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 100 ಕಿಲೋ ಭಾರ. ಕೊಳವೆಯ ಬಾಯಿಯ ವಿಸ್ತೀರ್ಣ ಸುಮಾರು 490 ಚದರ ಸೆಂಟಿಮೀಟರ್. ಗುಣಿಸಿದರೆ 49,000 ಕಿಲೋ, ಹತ್ತಿರ ಹತ್ತಿರ 50 ಟನ್. ಈ ಕೊಳವೆಯಲ್ಲಿ ಎಲ್ಲಾದರೂ ಒಂದು ಜೋಡಣೆ ಇದ್ದರೆ, ಅದನ್ನು ಕಿತ್ತು ಎರಡು ಮಾಡಲು ಹಬೆ ಹಗಲೂ ರಾತ್ರಿ 50 ಟನ್ ಬಲದಿಂದ ತಳ್ಳುತ್ತಲೇ ಇರುತ್ತದೆ. ಹಬೆ ಜೋಡಣೆಯ ಸಂದಿಯೊಳಗೂ ನುಗ್ಗುವುದರಿಂದ ನಿಜವಾದ ಬಲ ಇದಕ್ಕಿಂತ ಹೆಚ್ಚೇ.

ಎಂಜಿನಿಯರುಗಳಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದಲೇ ಬಿಸಿ ಹಬೆಯ ಕೊಳವೆಗಳನ್ನು ಆದಷ್ಟೂ ವೆಲ್ಡ್ ಮಾಡಿಬಿಡುತ್ತಾರೆ. ರಾಯಚೂರು ಬಳಿಯ ಯರಮರಸ್‌ನಲ್ಲಿರುವ 800 ಮೆಗಾವಾಟ್ ಘಟಕಗಳಂಥ ಕಡೆ ಬಾಯ್ಲರಿನಿಂದ ಟರ್ಬೈನಿಗೆ ಹೋಗುವ ಮುಖ್ಯ ಹಬೆ ಕೊಳವೆಯ ಉದ್ದಕ್ಕೂ ಕಾಣುವುದು ವೆಲ್ಡಿಂಗ್. ಆದರೆ ಎಲ್ಲವನ್ನೂ ವೆಲ್ಡ್ ಮಾಡಲಾಗದು. ವಾಲ್ವ್ ಬಿಚ್ಚಬೇಕು, ಪಂಪ್ ಇಳಿಸಬೇಕು, ಶಾಖ ವಿನಿಮಯಕದ ಒಳಗೆ ಕಟ್ಟಿಕೊಂಡ ಕರಿ ತೆಗೆಯಬೇಕು. ಬಿಚ್ಚಲೇಬೇಕಾದ ಕಡೆ ಕೊಳವೆಯ ತುದಿಗೆ ದಪ್ಪ ಉಕ್ಕಿನ ಬಳೆಯಂಥ ಫ್ಲ್ಯಾಂಜ್ ಇರುತ್ತದೆ. ಎರಡು ಫ್ಲ್ಯಾಂಜ್‌ಗಳನ್ನು ಎದುರುಬದುರು ಇಟ್ಟು, ನಡುವೆ ಗ್ಯಾಸ್ಕೆಟ್ ಸೇರಿಸಿ, ಸುತ್ತಲಿನ ರಂಧ್ರಗಳಲ್ಲಿ ಸ್ಟಡ್ ಎಂಬ ಉಕ್ಕಿನ ಸರಳು ತೂರಿಸಿ ಎರಡೂ ಕಡೆ ನಟ್ ಬಿಗಿಯುತ್ತಾರೆ. ಶಕ್ತಿನಗರದ ಮತ್ತು ಕುಡತಿನಿಯ ವಿದ್ಯುತ್ ಸ್ಥಾವರಗಳಲ್ಲಿ, ಮಂಗಳೂರಿನ ತೈಲ ಶುದ್ಧೀಕರಣಾಗಾರದಲ್ಲಿ, ಮಂಡ್ಯ ಬೆಳಗಾವಿ ಸೀಮೆಯ ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಮನೆಗಳಲ್ಲಿ ಇಂಥ ಜೋಡಣೆಗಳು ಎಣಿಕೆಗೆ ಸಿಗದಷ್ಟಿವೆ.

ನಡುವಿನ ಗ್ಯಾಸ್ಕೆಟ್ ಬಿಗಿದ ಮೇಲೆ ಮೂರು ಮಿಲಿಮೀಟರ್ ಚಿಲ್ಲರೆ ದಪ್ಪ. 50 ಟನ್ನನ್ನು ತಡೆಯುತ್ತಿರುವುದು ಇದೇ ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸುತ್ತದೆ. ತಡೆಯುತ್ತಿರುವುದು ಸ್ಟಡ್‌ಗಳು. ಗ್ಯಾಸ್ಕೆಟ್‌ನ ಕೆಲಸ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಡುಗೆಮನೆಯ ಕುಕ್ಕರನ್ನು ನೆನೆಸಿಕೊಳ್ಳಿ. ಅದರೊಳಗಿನ ಹಬೆ ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್ ಹೆಚ್ಚು ಒತ್ತಡದಲ್ಲಿರುತ್ತದೆ, ಉಷ್ಣಾಂಶ 120 ಡಿಗ್ರಿ. ಒಳಮುಚ್ಚಳದ ಕುಕ್ಕರಿನಲ್ಲಿ ಹಬೆಯೇ ಮುಚ್ಚಳವನ್ನು ಕೆಳಗಿನಿಂದ ಅಂಚಿಗೆ ಒತ್ತುತ್ತದೆ. ಒತ್ತಡ ಏರಿದಷ್ಟೂ ರಬ್ಬರ್ ಬಳೆ ಬಿಗಿಯಾಗುತ್ತದೆ. ಕೊಳವೆಯ ಫ್ಲ್ಯಾಂಜ್‌ನಲ್ಲಿ ಎಲ್ಲವೂ ತಿರುವುಮುರುವು. ಅಲ್ಲಿ ಒತ್ತಡ ಏರಿದಷ್ಟೂ ಎರಡು ಫ್ಲ್ಯಾಂಜ್‌ಗಳು ದೂರ ಸರಿಯಲು ಹವಣಿಸುತ್ತವೆ, ಗ್ಯಾಸ್ಕೆಟ್ ಮೇಲಿನ ಬಿಗಿತ ಇಳಿಯುತ್ತದೆ. ಹಬೆ ಬರುವ ಮೊದಲೇ, ಕೊಳವೆ ತಣ್ಣಗೆ ಖಾಲಿ ಇರುವಾಗಲೇ, ಮುಂದೆ ಕಳೆದುಹೋಗುವುದನ್ನೆಲ್ಲ ಲೆಕ್ಕ ಹಾಕಿ ಅಷ್ಟು ಬಿಗಿತವನ್ನು ಜೋಡಣೆಯೊಳಗೆ ಕೂಡಿಡಬೇಕು.

ಅದನ್ನು ಕೂಡಿಡುವ ಜಾಗ ಸ್ಟಡ್. ನಾನು ಹೇಳಿದ ಕೊಳವೆಗೆ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ರೂಪಿಸಿದ ಮಾನದಂಡದ ಪ್ರಕಾರ 900ನೇ ದರ್ಜೆಯ ಫ್ಲ್ಯಾಂಜ್ ಬೇಕು. ಸಾಮಾನ್ಯ ಇಂಗಾಲದ ಉಕ್ಕಿನ ಈ ಫ್ಲ್ಯಾಂಜ್ ತಣ್ಣಗಿದ್ದಾಗ 153 ಬಾರ್ ತಡೆಯುತ್ತದೆ. 400 ಡಿಗ್ರಿಗೆ ಕಾದಾಗ ಅದರ ಮಿತಿ 104 ಬಾರ್‌ಗೆ ಇಳಿಯುತ್ತದೆ. ಶಾಖ ಉಕ್ಕಿನ ಶಕ್ತಿಯ ಮೂರನೇ ಒಂದು ಭಾಗವನ್ನು ತಿಂದುಬಿಟ್ಟಿದೆ. ಈ ಫ್ಲ್ಯಾಂಜ್‌ಗೆ ಸುಮಾರು 35 ಮಿಲಿಮೀಟರ್ ದಪ್ಪದ 16 ಸ್ಟಡ್‌ಗಳು. ನಟ್ ತಿರುಗಿಸುತ್ತ ಹೋದಂತೆ ಸ್ಟಡ್ ಉದ್ದುದ್ದ ಎಳೆಸಿಕೊಳ್ಳುತ್ತದೆ. ಎಷ್ಟು? ರೂಢಿಯ ಬಿಗಿತಕ್ಕೆ, ಎರಡು ನಟ್‌ಗಳ ನಡುವಿನ 200 ಮಿಲಿಮೀಟರ್ ಉಕ್ಕು ಹಿಗ್ಗುವುದು ಸುಮಾರು 0.34 ಮಿಲಿಮೀಟರ್. ಮಿಲಿಮೀಟರಿನ ಮೂರನೇ ಒಂದು ಪಾಲು! ಆಗ ಒಂದೊಂದು ಸ್ಟಡ್ ಕೂಡ ಫ್ಲ್ಯಾಂಜ್‌ಗಳನ್ನು ಸುಮಾರು 28 ಟನ್ ಬಲದಿಂದ ಅದುಮಿ ಹಿಡಿದಿರುತ್ತದೆ.

ಈ 0.34 ಮಿಲಿಮೀಟರಿನ ಅಂಕಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಾಯ್ಲರ್ ಮನೆಯಲ್ಲಿ ಓಡಾಡುವವರ ಜೀವ ನಿಂತಿರುವುದು ಈ ಹಿಗ್ಗಿನ ಮೇಲೆ. ಗ್ಯಾಸ್ಕೆಟ್ ಕಾಲಕ್ರಮದಲ್ಲಿ ಬರೀ 0.1 ಮಿಲಿಮೀಟರ್ ಕುಗ್ಗಿತು ಎನ್ನಿ. ಸ್ಟಡ್ ಅಷ್ಟೇ ಹಿಂದಕ್ಕೆ ಸೇರಿಕೊಳ್ಳುತ್ತದೆ, ಬಿಗಿತದ ಶೇಕಡ 29ರಷ್ಟು ಹೋಗಿಬಿಡುತ್ತದೆ. ನಟ್ ಒಂದಿಷ್ಟೂ ತಿರುಗಿರುವುದಿಲ್ಲ, ಕಣ್ಣಿಗೆ ಏನೂ ಬದಲಾಗಿರುವುದಿಲ್ಲ.

ಈಗ ಗ್ಯಾಸ್ಕೆಟ್‌ನ ಕೆಲಸಕ್ಕೆ ಬರೋಣ. ಯಂತ್ರದಲ್ಲಿ ಎಷ್ಟೇ ನಯ ಮಾಡಿದರೂ ಉಕ್ಕಿನ ಮುಖದಲ್ಲಿ ಏರುತಗ್ಗು ಇದ್ದೇ ಇರುತ್ತದೆ. ಫ್ಲ್ಯಾಂಜ್ ಮುಖದಲ್ಲಂತೂ ಬೇಕೆಂದೇ ಸಣ್ಣ ಗೀರುಗಳನ್ನು ಕೊರೆದಿರುತ್ತಾರೆ; ಹಳೆಯ ಗ್ರಾಮಫೋನ್ ತಟ್ಟೆಯಲ್ಲಿದ್ದಂತೆ ಸುತ್ತಿಕೊಂಡು ಹೋಗುವ ಈ ಗೀರುಗಳು ಉಗುರು ಆಡಿಸಿದರೆ ತಾಗುತ್ತವೆ. ಗ್ಯಾಸ್ಕೆಟ್ ಈ ಗೀರುಗಳೊಳಗೆ ಇಳಿದು ಕೂರಬೇಕು. ಅದಕ್ಕೆ ಮೆತ್ತಗಿರಬೇಕು. ಆದರೆ ಮೆತ್ತಗಿರುವ ವಸ್ತು ಶಾಖದಲ್ಲಿ, ಭಾರದಡಿಯಲ್ಲಿ, ತಿಂಗಳುಗಟ್ಟಲೆ ನಿಧಾನಕ್ಕೆ ಹರಿದು ತೆಳ್ಳಗಾಗುತ್ತದೆ. ಹರಿದರೆ ಸ್ಟಡ್‌ನ ಹಿಗ್ಗು ಕಳೆದುಹೋಗುತ್ತದೆ. ಆದ್ದರಿಂದ ಗಟ್ಟಿಯಾಗಿಯೂ ಇರಬೇಕು, ಫ್ಲ್ಯಾಂಜ್ ಒಂದಿಷ್ಟು ಸರಿದರೆ ಹಿಂದೆಯೇ ಉಬ್ಬಿ ಸಂದಿಯನ್ನು ತುಂಬಬೇಕು. ಒಂದೇ ವಸ್ತುವಿನಲ್ಲಿ ಇವೆಲ್ಲ ಸಿಗುವುದು ಕಷ್ಟ. ಗ್ಯಾಸ್ಕೆಟ್‌ನ ಚರಿತ್ರೆಯೆಲ್ಲ ಈ ಕಷ್ಟದ ಸುತ್ತಲೇ ಇದೆ.

ಒಂದು ಕಾಲಕ್ಕೆ ಇದಕ್ಕೆ ಸಿಕ್ಕ ಉತ್ತರ ಕಲ್ನಾರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾದ ರಿಚರ್ಡ್ ಕ್ಲಿಂಗರ್ ಕಲ್ನಾರಿನ ನಾರನ್ನೂ ರಬ್ಬರನ್ನೂ ಕಲಸಿ ಒತ್ತಿ ಹಾಳೆ ಮಾಡಿದರು. ಬೆಂಕಿಗೆ ಹೆದರದ, ಬೇಕಾದ ಆಕಾರಕ್ಕೆ ಕತ್ತರಿಸಬಹುದಾದ, ಅಗ್ಗದ ಹಾಳೆ. ಇಪ್ಪತ್ತನೇ ಶತಮಾನದ ಬಹುಭಾಗ ಜಗತ್ತಿನ ಹಬೆ ಕೊಳವೆಗಳು ಇಂಥ ಹಾಳೆಗಳನ್ನೇ ನಂಬಿದ್ದವು. ಫಿಟ್ಟರ್ ಹಾಳೆಯನ್ನು ಫ್ಲ್ಯಾಂಜ್ ಮೇಲಿಟ್ಟು, ಗುಂಡುತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಕುಟ್ಟಿ ಅಲ್ಲೇ ಆಕಾರ ತೆಗೆಯುತ್ತಿದ್ದ. ವರ್ಷ ಕಳೆದ ಮೇಲೆ ಸುಟ್ಟು ಅಂಟಿಕೊಂಡ ಹಳೆಯ ಗ್ಯಾಸ್ಕೆಟ್ಟನ್ನು ಉಳಿಯಿಂದ ಎಬ್ಬಿ, ತಂತಿ ಬ್ರಷ್‌ನಿಂದ ಉಜ್ಜುತ್ತಿದ್ದ. ಏಳುತ್ತಿದ್ದ ಧೂಳಿನಲ್ಲಿ ಕಣ್ಣಿಗೆ ಕಾಣದ ಎಳೆಗಳಿದ್ದವು. ಅವು ಶ್ವಾಸಕೋಶಕ್ಕೆ ಇಳಿದು, ಹಲವು ದಶಕಗಳ ನಂತರ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರಾಗಿ ಮೇಲೇಳುತ್ತವೆ. ಹಡಗುಗಳ ಎಂಜಿನ್ ಕೋಣೆಗಳಲ್ಲಿ, ಬಾಯ್ಲರ್ ಮನೆಗಳಲ್ಲಿ ದುಡಿದವರು ನಿವೃತ್ತರಾಗಿ ಮನೆ ಸೇರಿದ ಮೇಲೆ ಈ ರೋಗದಿಂದ ಸತ್ತರು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳೆಯ ಕಾರ್ಖಾನೆಯಲ್ಲಿ ಹಳೆಯ ಫ್ಲ್ಯಾಂಜ್ ಬಿಚ್ಚುವ ಯಾರೇ ಆಗಲಿ, ಅಂಟಿಕೊಂಡಿರುವುದು ಕಲ್ನಾರೇ ಇರಬಹುದು ಎಂದುಕೊಂಡು, ಒಣಗಿದ್ದನ್ನು ಉಜ್ಜದೆ, ಮೊದಲು ಒದ್ದೆ ಮಾಡಿ, ಸರಿಯಾದ ಮುಖಕವಚ ಧರಿಸಿಯೇ ಕೈಹಾಕಬೇಕು.

ಕಲ್ನಾರಿನ ಜಾಗವನ್ನು ತುಂಬಿದ್ದು ಗ್ರಾಫೈಟ್, ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಇಂಗಾಲ. ಗ್ರಾಫೈಟ್‌ನ ಪರಮಾಣುಗಳು ಪದರ ಪದರವಾಗಿ ಕೂತಿರುತ್ತವೆ. ಪದರದೊಳಗಿನ ಬಂಧ ಭಾರೀ ಗಟ್ಟಿ, ಪದರಗಳ ನಡುವಿನದು ಸಡಿಲ. ಗಣಿಯಿಂದ ಬಂದ ಗ್ರಾಫೈಟ್ ಹಳಕುಗಳನ್ನು ಪ್ರಬಲ ಆಮ್ಲಗಳಲ್ಲಿ ನೆನೆಸಿದರೆ ಆಮ್ಲ ಈ ಪದರಗಳ ನಡುವೆ ಸೇರಿಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ಕುಲುಮೆಯ ಶಾಖಕ್ಕೆ ಒಡ್ಡಿದರೆ ಒಳಗಿನ ಆಮ್ಲ ಅನಿಲವಾಗಿ ಪದರಗಳನ್ನು ದೂಡುತ್ತದೆ. ಹಳಕು ನೂರು ಪಟ್ಟಿಗೂ ಹೆಚ್ಚು ಉಬ್ಬಿ ಹುಳುವಿನಾಕಾರ ತಾಳುತ್ತದೆ. ಈ ಹುಳುಗಳನ್ನು ರೋಲರುಗಳ ನಡುವೆ ಒತ್ತಿದರೆ ಅವು ಒಂದಕ್ಕೊಂದು ಹೆಣೆದುಕೊಂಡು, ಅಂಟೂ ಇಲ್ಲದೆ, ರಬ್ಬರೂ ಇಲ್ಲದೆ ಹಾಳೆಯಾಗುತ್ತವೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಈ ಹಾಳೆ ನನಗೆ ಈ ಕ್ಷೇತ್ರದ ಅತಿ ಸೊಗಸಾದ ಆವಿಷ್ಕಾರವಾಗಿ ಕಾಣುತ್ತದೆ. ಸುಟ್ಟುಹೋಗಲು ಅದರೊಳಗೆ ಅಂಟಿಲ್ಲ, ವಯಸ್ಸಾಗಿ ಗಡುಸಾಗಲು ರಬ್ಬರಿಲ್ಲ. ಅದಕ್ಕೆ ಇರುವ ಶತ್ರು ಆಮ್ಲಜನಕ. ಸುಮಾರು 450 ಡಿಗ್ರಿ ದಾಟಿದ ಮೇಲೆ ಗಾಳಿ ಸೋಕಿದರೆ ಗ್ರಾಫೈಟ್ ನಿಧಾನಕ್ಕೆ ಉರಿದು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಅದಕ್ಕೂ ಮೇಲಿನ ಶಾಖಕ್ಕೆ ಅಭ್ರಕವನ್ನೋ ಅದರ ಬಳಗದ ವರ್ಮಿಕ್ಯುಲೈಟನ್ನೋ ಬಳಸುತ್ತಾರೆ.

ಟೆಫ್ಲಾನ್ ಏಕಾಗದು ಎಂದು ಕೆಲವರು ಕೇಳಬಹುದು. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಈ ವಸ್ತುವಿನ ಮೊದಲ ದೊಡ್ಡ ಉಪಯೋಗವೇ ಗ್ಯಾಸ್ಕೆಟ್ ಮತ್ತು ಸೀಲ್. ಅಣುಬಾಂಬಿನ ಯುರೇನಿಯಂ ಬೇರ್ಪಡಿಸುವ ಸ್ಥಾವರದಲ್ಲಿ ಎಲ್ಲವನ್ನೂ ತಿನ್ನುವ ಅನಿಲಕ್ಕೆ ಅದು ಜಗ್ಗಲಿಲ್ಲ. ರಾಸಾಯನಿಕಗಳ ಮಟ್ಟಿಗೆ ಇಂದಿಗೂ ಅದಕ್ಕೆ ಎದುರಿಲ್ಲ. ಆದರೆ 260 ಡಿಗ್ರಿ ಅದರ ಎಲ್ಲೆ, ತಣ್ಣಗಿದ್ದಾಗಲೂ ಭಾರದಡಿ ಹರಿಯುವುದು ಅದರ ಗುಣ. ನಮ್ಮ ಹಬೆ ಕೊಳವೆಗೆ ಅದು ಒಗ್ಗದು.

ಗ್ರಾಫೈಟ್ ಒಂದೇ ಇದ್ದರೂ ಸಾಲದು. ಅದಕ್ಕೆ ಲೋಹದ ಬೆನ್ನು ಬೇಕು. ಆ ಬೆನ್ನಿನ ಕಲ್ಪನೆ ಗ್ರಾಫೈಟ್ ಹಾಳೆಗಿಂತ ಹಳೆಯದು. 1912ರಲ್ಲಿ ಅಮೆರಿಕದ ಫ್ಲೆಕ್ಸಿಟಾಲಿಕ್ ಕಂಪನಿ ಸುರುಳಿ ಗ್ಯಾಸ್ಕೆಟ್ ಹೊರತಂದಿತು. ಫಿಟ್ಟರ್‌ಗಳ ಬಾಯಲ್ಲಿ ಇದು ಸ್ಪೈರಲ್ ವೂಂಡ್. ಒಂದನ್ನು ಕೈಗೆ ತೆಗೆದುಕೊಂಡು ಹತ್ತಿರದಿಂದ ನೋಡಬೇಕು. ತೆಳ್ಳಗಿನ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ನಡುವೆ ಇಂಗ್ಲಿಷಿನ ವಿ ಅಕ್ಷರದಂತೆ ಮಡಿಚಿದೆ. ಅದರ ಜೊತೆಗೆ ಗ್ರಾಫೈಟ್ ಪಟ್ಟಿಯನ್ನು ಸೇರಿಸಿ, ಲೋಹ ಒಂದು ಸುತ್ತು ಗ್ರಾಫೈಟ್ ಒಂದು ಸುತ್ತು ಎಂಬಂತೆ ಸುರುಳಿ ಸುತ್ತಿದ್ದಾರೆ. ಹೊರಗೊಂದು ಗಟ್ಟಿ ಉಕ್ಕಿನ ಬಳೆ, ಒಳಗೊಂದು. ಸುರುಳಿಯ ದಪ್ಪ 4.5 ಮಿಲಿಮೀಟರ್. ಬಳೆಗಳು ಅದಕ್ಕಿಂತ ತೆಳು, ಹತ್ತಿರ ಹತ್ತಿರ 3 ಮಿಲಿಮೀಟರ್. ಬಿಗಿದಾಗ ಸುರುಳಿ ಅದುಮಿಕೊಂಡು ಬಳೆಯ ಮಟ್ಟಕ್ಕೆ ಬರುತ್ತದೆ. ಗ್ರಾಫೈಟ್ ಫ್ಲ್ಯಾಂಜ್‌ನ ಗೀರುಗಳಿಗೆ ಇಳಿಯುತ್ತದೆ, ಮಡಿಚಿದ ಲೋಹ ಸ್ಪ್ರಿಂಗಾಗಿ ಹಿಂದಕ್ಕೆ ತಳ್ಳುತ್ತದೆ. ಹೊರಬಳೆಯ ಅಂಚಿಗೆ ಬಣ್ಣ ಬಳಿದಿರುತ್ತಾರೆ. ಹಳದಿ ಇದ್ದರೆ ಲೋಹ 304 ದರ್ಜೆಯ ಸ್ಟೇನ್‌ಲೆಸ್, ಹಸಿರು ಇದ್ದರೆ 316. ಅಡ್ಡಕ್ಕೆ ಬೂದು ಗೆರೆಗಳಿದ್ದರೆ ಒಳಗಿರುವುದು ಗ್ರಾಫೈಟ್, ಬಿಳಿ ಗೆರೆಗಳಿದ್ದರೆ ಟೆಫ್ಲಾನ್. ಉಗ್ರಾಣದ ಮಂದ ಬೆಳಕಿನಲ್ಲೂ, ಯಾವ ಭಾಷೆ ಓದಬಲ್ಲವನಿಗೂ, ತಪ್ಪು ಗ್ಯಾಸ್ಕೆಟ್ ಕೈಗೆ ಬರಬಾರದೆಂದು ಮಾಡಿದ ಏರ್ಪಾಡು ಇದು.

ಇದನ್ನು ಕೂರಿಸಲು ಅಮೆರಿಕದ ಬಾಯ್ಲರ್ ಸಂಹಿತೆ ಸೂಚಿಸುವ ಬಲ ಚದರ ಸೆಂಟಿಮೀಟರಿಗೆ ಸುಮಾರು 700 ಕಿಲೋ. ಕೂತ ಮೇಲೂ, ಹಬೆ ತುಂಬಿದ ಮೇಲೂ, ಒಳಗಿನ ಒತ್ತಡದ ಮೂರು ಪಟ್ಟು ಬಿಗಿತ ಅದರ ಮೇಲೆ ಉಳಿದಿರಬೇಕು. ಇಷ್ಟಾದರೂ ಸೋರಿಕೆ ಶೂನ್ಯವಾಗುವುದಿಲ್ಲ. ಹೀಲಿಯಂನಂಥ ಅನಿಲ ಬಿಟ್ಟು ಸೂಕ್ಷ್ಮ ಉಪಕರಣದಲ್ಲಿ ಅಳೆದರೆ ಒಳ್ಳೆಯ ಜೋಡಣೆಯಲ್ಲೂ ಒಂದಿಷ್ಟು ಒಸರುವುದು ಗೊತ್ತಾಗುತ್ತದೆ. ಯುರೋಪಿನ ಮಾನದಂಡಗಳು ಗ್ಯಾಸ್ಕೆಟ್‌ಗಳನ್ನು ವಿಂಗಡಿಸುವುದು ಸುತ್ತಳತೆಯ ಒಂದು ಮೀಟರಿಗೆ ಸೆಕೆಂಡಿಗೆ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ.

ಗ್ಯಾಸ್ಕೆಟ್ ಎಷ್ಟು ಒಳ್ಳೆಯದಾದರೂ ಬಿಗಿಯುವವರ ಕೈಯಲ್ಲಿ ಅದು ಕೆಡಬಹುದು. ನಮ್ಮ 35 ಮಿಲಿಮೀಟರ್ ಸ್ಟಡ್‌ಗೆ 28 ಟನ್ ಎಳೆತ ಬರಬೇಕಾದರೆ ನಟ್ ಮೇಲೆ ಸುಮಾರು 1500 ನ್ಯೂಟನ್ ಮೀಟರ್ ತಿರುಚುಬಲ ಬೇಕು. ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ 150 ಕಿಲೋ ತೂಗುಹಾಕಿದಷ್ಟು. ಅಷ್ಟು ಬಲದಲ್ಲಿ ಸ್ಟಡ್ ಹಿಗ್ಗಿಸಲು ಉಪಯೋಗವಾಗುವುದು ಸುಮಾರು ಶೇಕಡ 10 ಮಾತ್ರ. ಅರ್ಧದಷ್ಟು ನಟ್‌ನ ಅಡಿಯ ಘರ್ಷಣೆಗೆ, ಉಳಿದ 40ರಷ್ಟು ತಿರುಪಿನ ಮರೆಗಳ ಘರ್ಷಣೆಗೆ ಹೋಗುತ್ತದೆ. ಹೀಗಾಗಿ ಒಂದು ಸ್ಟಡ್‌ಗೆ ಗ್ರೀಸ್ ಹಚ್ಚಿ ಪಕ್ಕದ್ದನ್ನು ತುಕ್ಕಿನಲ್ಲೇ ಬಿಟ್ಟರೆ, ಟಾರ್ಕ್ ರೆಂಚ್ ಎರಡಕ್ಕೂ ಒಂದೇ ಅಂಕಿ ತೋರಿಸಿದರೂ ಎಳೆತ ಬೇರೆ ಬೇರೆ. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ನೇತಾಡುವುದರಿಂದ, ಸುತ್ತಿಗೆಯಲ್ಲಿ ಬಡಿಯುವುದರಿಂದ ಬಿಗಿತ ಬರಬಹುದು, ಸಮನಾದ ಬಿಗಿತ ಬಾರದು. ಒಂದನ್ನು ಬಿಗಿದರೆ ಪಕ್ಕದ್ದು ಸಡಿಲವಾಗುತ್ತದೆ, ಏಕೆಂದರೆ ಗ್ಯಾಸ್ಕೆಟ್ ಅಲ್ಲಿ ಇನ್ನಷ್ಟು ಅದುಮಿಕೊಂಡಿರುತ್ತದೆ. ಆದ್ದರಿಂದ ಎದುರುಬದುರು ಇರುವುದನ್ನು ಹಿಡಿದು ಮೊದಲು ಶೇಕಡ 30, ಮತ್ತೆ 60, ಆಮೇಲೆ 100 ಎಂದು ಮೂರು ಸುತ್ತು. ಕೊನೆಗೆ ಯಾವ ನಟ್ಟೂ ಅಲುಗದವರೆಗೆ ಸಾಲಾಗಿ ಮತ್ತೊಂದು ಸುತ್ತು. ತಾಳ್ಮೆ ಬೇಡುವ ಕೆಲಸ.

ಬಿಗಿದು ಮುಗಿದ ಮೇಲೆ ಶಾಖದ ಸರದಿ. ಹಬೆ ಬಿಟ್ಟಾಗ ಮೊದಲು ಕಾಯುವುದು ಕೊಳವೆ ಮತ್ತು ಫ್ಲ್ಯಾಂಜ್. ಹೊರಗಿನ ಸ್ಟಡ್‌ಗಳಿಗೆ ಶಾಖ ತಲುಪುವುದು ತಡ. ಆಗ ಉಬ್ಬಿದ ಫ್ಲ್ಯಾಂಜ್ ಸ್ಟಡ್‌ಗಳನ್ನು ಇನ್ನಷ್ಟು ಎಳೆಯುತ್ತದೆ, ಗ್ಯಾಸ್ಕೆಟ್ ಲೆಕ್ಕಕ್ಕಿಂತ ಹೆಚ್ಚು ನಲುಗುತ್ತದೆ. ಸ್ಥಾವರ ನಿಲ್ಲಿಸಿದಾಗ ಫ್ಲ್ಯಾಂಜ್ ಬೇಗ ತಣಿಯುತ್ತದೆ, ಸ್ಟಡ್ ಇನ್ನೂ ಬಿಸಿಯಾಗಿ ಉದ್ದವಾಗಿಯೇ ಇರುತ್ತದೆ, ಬಿಗಿತ ಕುಸಿಯುತ್ತದೆ. ವರ್ಷವಿಡೀ ಸುಮ್ಮನಿದ್ದ ಜೋಡಣೆ ಹಂಗಾಮು ಮುಗಿದು ಬಾಯ್ಲರ್ ಆರಿಸುವಾಗಲೋ, ಕಬ್ಬು ನುರಿಸಲು ಮತ್ತೆ ಹೊತ್ತಿಸುವಾಗಲೋ ಸೋರುವುದು ಇದರಿಂದಲೇ. ಸೋರಲು ಶುರುವಾದ ಅತಿ ಬಿಸಿ ಹಬೆ ಕಣ್ಣಿಗೆ ಕಾಣುವುದಿಲ್ಲ. ಬಿಳಿಯಾಗಿ ಕಾಣುವುದು ತಣಿದು ಹನಿಗಟ್ಟಿದ ಮೇಲೆ. ಕಾಣದ ಆ ಧಾರೆ ಉಕ್ಕಿನ ಮುಖದಲ್ಲೇ ತಂತಿ ಎಳೆದಂಥ ಕಾಲುವೆ ಕೊರೆಯುತ್ತದೆ. ಒಳಗಿನಿಂದ ಹೊರಕ್ಕೆ ಅಡ್ಡಲಾಗಿ ಬಿದ್ದ ಇಂಥ ಒಂದು ಕೊರೆತ ಸಾಕು, ಮುಂದೆ ಎಂಥ ಹೊಸ ಗ್ಯಾಸ್ಕೆಟ್ ಹಾಕಿದರೂ ಅಲ್ಲಿ ನಿಲ್ಲದು. ಫ್ಲ್ಯಾಂಜ್ ಮುಖವನ್ನೇ ಮತ್ತೆ ಕಡೆಯಿಸಬೇಕು.

ಸ್ಟಡ್‌ಗಳ ಕಥೆ ಎಷ್ಟು ಕಠೋರವಾಗಬಹುದು ಎಂಬುದಕ್ಕೆ 1990ರ ಅಕ್ಟೋಬರ್ 30ರ ಘಟನೆ ಸಾಕ್ಷಿ. ಅಮೆರಿಕದ ನೌಕಾಪಡೆಯ ಇವೊ ಜಿಮಾ ಎಂಬ ಹಡಗು ಕೊಲ್ಲಿ ಯುದ್ಧದ ಸಿದ್ಧತೆಯ ದಿನಗಳಲ್ಲಿ ಬಹರೇನ್‌ನಲ್ಲಿ ದುರಸ್ತಿಗೆ ನಿಂತಿತ್ತು. ವಿದ್ಯುತ್ ಜನರೇಟರಿಗೆ ಹಬೆ ಕೊಡುವ ಒಂದು ವಾಲ್ವನ್ನು ಬಿಚ್ಚಿ, ಸರಿಮಾಡಿ, ಅದರ ಮೇಲ್ಮುಚ್ಚಳವನ್ನು ಮತ್ತೆ ಬಿಗಿದಿದ್ದರು. ಆ ಮುಚ್ಚಳ ಫ್ಲ್ಯಾಂಜ್ ಜೋಡಣೆಯೇ. ಅದಕ್ಕೆ ಹಾಕಿದ ನಟ್‌ಗಳಲ್ಲಿ ಕೆಲವು ಹಿತ್ತಾಳೆಯವು. ಹಿತ್ತಾಳೆಯ ಮೇಲೆ ಕಪ್ಪು ಲೇಪ ಇದ್ದದ್ದರಿಂದ ನೋಡಲು ಉಕ್ಕಿನ ನಟ್‌ನಂತೆಯೇ ಇದ್ದವು, ಮರೆಗಳೂ ಸರಿಹೊಂದಿದವು. ತಣ್ಣಗಿದ್ದಾಗ ಬಿಗಿಯಾಗಿಯೇ ಕೂತಿದ್ದವು. ಹಡಗು ಹೊರಟು, 400 ಡಿಗ್ರಿಗೂ ಮೀರಿದ ಹಬೆ ವಾಲ್ವಿಗೆ ಬಂದಾಗ ಹಿತ್ತಾಳೆ ಶಕ್ತಿಗುಂದಿತು, ಮುಚ್ಚಳ ಹಾರಿತು. ಬಾಯ್ಲರ್ ಕೋಣೆ ಹಬೆಯಿಂದ ತುಂಬಿತು. ಹತ್ತು ಮಂದಿ ನಾವಿಕರು ಸತ್ತರು. ನಂತರ ನೌಕಾಪಡೆ ಕಪ್ಪು ಲೇಪದ ಹಿತ್ತಾಳೆ ನಟ್‌ಬೋಲ್ಟ್‌ಗಳನ್ನು ತನ್ನ ಉಳಿದ ಹಡಗುಗಳಲ್ಲೂ ಹುಡುಕಿ ಹುಡುಕಿ ತೆಗೆಸಬೇಕಾಯಿತು.

ಬಿಸಿ ಕೊಳವೆಯ ಸ್ಟಡ್ ತುದಿಯಲ್ಲಿ ಬಿ7 ಅಥವಾ ಬಿ16 ಎಂದೂ, ನಟ್ ಮುಖದಲ್ಲಿ 2ಎಚ್ ಎಂದೂ ಅಚ್ಚೊತ್ತಿರುವುದನ್ನು ಯಾರಾದರೂ ನೋಡಬಹುದು. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು ಬಿ7; ಅದಕ್ಕೆ ವನೇಡಿಯಂ ಕೂಡ ಸೇರಿದರೆ ಬಿ16, ಇನ್ನೂ ಹೆಚ್ಚಿನ ಶಾಖಕ್ಕೆ. ಗುರುತಿಲ್ಲದ ಸ್ಟಡ್ ಹಬೆ ಕೊಳವೆಗೆ ಸಲ್ಲದು. ಅಂಗಡಿಯಲ್ಲಿ ಅದೇ ಅಳತೆಯದು ಅರ್ಧ ಬೆಲೆಗೆ ಸಿಗುತ್ತದೆ ಎಂಬುದು ಕಾರಣವಾಗಲಾರದು.

ಇನ್ನೊಂದು ದುರಂತವನ್ನೂ ಹೇಳಬೇಕು. 2010ರ ಏಪ್ರಿಲ್ 2ರ ನಡುರಾತ್ರಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅನಕಾರ್ಟಿಸ್‌ನ ತೈಲ ಶುದ್ಧೀಕರಣಾಗಾರದಲ್ಲಿ ಶಾಖ ವಿನಿಮಯಕವೊಂದು ಸಿಡಿದು ಏಳು ಮಂದಿ ಸತ್ತರು. ಬಿಸಿ ಹೈಡ್ರೋಜನ್ ವರ್ಷಗಟ್ಟಲೆ ಉಕ್ಕನ್ನು ಒಳಗಿನಿಂದ ಕೊರೆದದ್ದು ಸಿಡಿತಕ್ಕೆ ಕಾರಣ, ಗ್ಯಾಸ್ಕೆಟ್‌ನ ತಪ್ಪಿರಲಿಲ್ಲ. ಆದರೆ ಅಲ್ಲಿ ಅಷ್ಟು ಜನ ಏಕೆ ಇದ್ದರು? ಆ ವಿನಿಮಯಕಗಳನ್ನು ಮತ್ತೆ ಚಾಲೂ ಮಾಡುವಾಗಲೆಲ್ಲ ಜೋಡಣೆಗಳು ಸೋರುತ್ತಿದ್ದವು. ಸೋರಿಕೆ ಅಲ್ಲಿ ಮಾಮೂಲಾಗಿತ್ತು. ಹಬೆಯ ಕೊಳವೆ ಹಿಡಿದು ಸೋರಿಕೆಯನ್ನು ಚದುರಿಸಲು ಹೆಚ್ಚಿನ ಕೈಗಳು ಬೇಕೆಂದು ಬೇರೆ ಕಡೆಯ ಕೆಲಸಗಾರರನ್ನೂ ಕರೆಸಿಕೊಂಡಿದ್ದರು ಎಂದು ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಸಣ್ಣ ಸೋರಿಕೆಯನ್ನು ಸಹಿಸಿಕೊಳ್ಳುವ ರೂಢಿ ಆ ಜನರನ್ನು ಸಾವಿನ ಪಕ್ಕಕ್ಕೆ ತಂದು ನಿಲ್ಲಿಸಿತು.

ಇನ್ನೂ ಹೆಚ್ಚಿನ ಒತ್ತಡಕ್ಕೆ, ಎಣ್ಣೆ ಬಾವಿಗಳ ಬಾಯಿಯಂಥ ಕಡೆ, ಹಾಳೆಯೂ ಇಲ್ಲ ಸುರುಳಿಯೂ ಇಲ್ಲ. ಫ್ಲ್ಯಾಂಜ್ ಮುಖದಲ್ಲಿ ಕೊರೆದ ಕಾಲುವೆಯಲ್ಲಿ ಮೆದು ಕಬ್ಬಿಣದ ಗಟ್ಟಿ ಉಂಗುರ ಕೂರುತ್ತದೆ. ಉಂಗುರ ಯಾವಾಗಲೂ ಫ್ಲ್ಯಾಂಜ್‌ಗಿಂತ ಮೆದುವಾಗಿರಬೇಕು, ನಜ್ಜುಗುಜ್ಜಾಗುವುದು ಬದಲಿಸಬಹುದಾದ ಭಾಗವೇ ಆಗಲೆಂದು. ಇವುಗಳಲ್ಲಿ ಕೆಲವು ಬಗೆಯ ಉಂಗುರಗಳ ಆಕಾರ ಎಂಥದೆಂದರೆ, ಒಳಗಿನ ಒತ್ತಡವೇ ಉಂಗುರವನ್ನು ಕಾಲುವೆಯ ಗೋಡೆಗೆ ಒತ್ತುತ್ತದೆ. ಕುಕ್ಕರ್ ಮುಚ್ಚಳದ ತತ್ವವೇ ಅಲ್ಲಿ ಸಾವಿರ ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತದೆ.

ಕಾರ್ಖಾನೆ ನಡೆಸುವವರಲ್ಲಿ, ವಾರ್ಷಿಕ ದುರಸ್ತಿಯ ಉಸ್ತುವಾರಿ ಹೊತ್ತವರಲ್ಲಿ ಒಂದು ಮಾತು. ಒಮ್ಮೆ ಅದುಮಿದ ಸುರುಳಿ ಗ್ಯಾಸ್ಕೆಟ್‌ನ ಸ್ಪ್ರಿಂಗ್ ಸತ್ತಿರುತ್ತದೆ, ನೋಡಲು ಹೊಸದರಂತಿದ್ದರೂ ಮತ್ತೆ ಹಾಕಿಸಬೇಡಿ. ಒತ್ತಡ ತುಂಬಿದ ಕೊಳವೆಯಲ್ಲಿ ಸೋರುವ ಜೋಡಣೆಯ ಮುಂದೆ ಮನುಷ್ಯನನ್ನು ನಿಲ್ಲಿಸಿ ಟೈಟ್ ಮಾಡು ಎನ್ನಬೇಡಿ. ಹಬೆ ನಿಲ್ಲಿಸಿ, ಒತ್ತಡ ಇಳಿಸಿ, ಆಮೇಲೆ ಮುಟ್ಟಿಸಿ. ಸ್ಟಡ್‌ಗಳನ್ನು ಉಜ್ಜಿ, ಎಣ್ಣೆ ಹಚ್ಚಿ, ಮೂರು ಸುತ್ತು ಬಿಗಿದು, ನಾಲ್ಕನೆಯ ಸುತ್ತಿಗೆ ಇನ್ನೂ ಸಮಯ ಬೇಕು ಎಂದು ಫಿಟ್ಟರ್ ಕೇಳಿದರೆ ಗಡಿಯಾರ ತೋರಿಸಬೇಡಿ. ಅವನು ಕೇಳುತ್ತಿರುವ ಸಮಯವನ್ನು ಕೊಡಿ.